ಜೇಜುರಿಯ ದಾರಿಯಲ್ಲಿ ಹದಿನೇಳು ಕಿಲೋಮೀಟರ್

ಪುಣೆಯಲ್ಲಿರುವ ನಮ್ಮಂಥ ಕನ್ನಡಿಗರಿಗೆ ಜೇಜುರಿ ಎಂದರೆ ಸಾಮಾನ್ಯವಾಗಿ ಒಂದು ಭಾನುವಾರದ ಕಾರ್ ಪ್ರಯಾಣ. ಊರಿಂದ ಅತ್ತೆ-ಮಾವ ಬಂದಾಗ ಹಡಪ್ಸರ್ ದಾಟಿ, ದಿವೇಘಾಟ್ ಹತ್ತಿ, ಸಾಸ್ವಡದಲ್ಲಿ ಮಿಸಳ್ ತಿಂದು, ಬಿಸಿಲೇರುವುದರೊಳಗೆ ಮೆಟ್ಟಿಲು ಹತ್ತಿ ಇಳಿದು, ಕಾರಿನ ಸೀಟನ್ನೆಲ್ಲ ಅರಿಶಿನ ಮಾಡಿಕೊಂಡು ವಾಪಸ್. ಪುಣೆಯಿಂದ ಸುಮಾರು ಐವತ್ತು ಕಿಲೋಮೀಟರ್. ಹನ್ನೊಂದು ವರ್ಷದಲ್ಲಿ ನಾನೂ ಐದಾರು ಸಲ ಹೀಗೆ ಹೋಗಿ ಬಂದಿದ್ದೆ. ಈಗ ಬರೆಯುತ್ತಿರುವುದು ಅದೇ ಜೇಜುರಿಗೆ ನಡೆದು ಹೋಗುವುದರ ಬಗ್ಗೆ. ನಡಿಗೆಯಿಂದ ಮನಸ್ಸಿಗೆ ಏನಾಗುತ್ತದೆ, ಏನಾಗುವುದಿಲ್ಲ ಎಂಬುದರ ಬಗ್ಗೆ ಕೂಡ. ಎರಡನೆಯದನ್ನು ಹೇಳದೆ ಮೊದಲನೆಯದನ್ನಷ್ಟೇ ಹೇಳುವ ವಾಟ್ಸಾಪ್ ಸಂದೇಶಗಳು ನಮಗೆ ದಿನಾ ಬರುತ್ತವೆ. ಅದಕ್ಕೇ ಈ ಲೇಖನ.

ಮೊದಲು ನನ್ನ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 2023ರ ಕೊನೆಯಲ್ಲಿ ನಮ್ಮ ತಂಡದ ಒಂಬತ್ತು ಜನರಲ್ಲಿ ನಾಲ್ವರನ್ನು ಕೆಲಸದಿಂದ ತೆಗೆದರು. ಉಳಿದ ಐವರ ಮೇಲೆ ಒಂಬತ್ತು ಜನರ ಕೆಲಸ ಬಿತ್ತು. ರಾತ್ರಿ ಪಾಳಿಯ ಫೋನ್ ವಾರಕ್ಕೆ ಎರಡು ದಿನ ನನ್ನ ತಲೆದಿಂಬಿನ ಪಕ್ಕ. ಫೋನ್ ಬಾರದ ರಾತ್ರಿಯೂ ಮೂರಕ್ಕೆ ಎಚ್ಚರವಾಗತೊಡಗಿತು. ಎದೆ ಬಿಗಿ, ಕೈ ತಣ್ಣಗೆ. ಹೃದಯದ ಪರೀಕ್ಷೆಗಳನ್ನೆಲ್ಲ ಮಾಡಿಸಿದೆವು, ಎಲ್ಲ ಸರಿಯಿತ್ತು. ಕೊನೆಗೆ ಮನೋವೈದ್ಯರ ಬಳಿ ಹೋದಾಗ ಅವರು ಆತಂಕ ಮತ್ತು ಖಿನ್ನತೆ ಎರಡೂ ಇವೆ ಎಂದರು. ಮಾತ್ರೆ ಬರೆದರು, ಆಪ್ತಸಮಾಲೋಚಕಿಯೊಬ್ಬರ ಬಳಿ ಕಳಿಸಿದರು, ದಿನಾ ನಡೆಯಿರಿ ಎಂದರು. ರಾಣೆಬೆನ್ನೂರಿನ ನಮ್ಮವ್ವನಿಗೆ ಫೋನಿನಲ್ಲಿ ಹೇಳಿದಾಗ, "ಮನಸ್ಸಿಗೂ ಗುಳಿಗಿ ಇರತಾವೇನವಾ?" ಎಂದಳು. ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೇ ಕೇಳಿದ್ದಳು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಅವ್ವನ ಪ್ರಶ್ನೆ ದೇಶದ ಪ್ರಶ್ನೆಯೇ.

ಮಾತ್ರೆಯಿಂದ ನಿದ್ದೆ ಬಂತು. ನಡಿಗೆ ಮಾತ್ರ ಒಗ್ಗಲಿಲ್ಲ. ನಮ್ಮ ಸೊಸೈಟಿಯ ಪೋಡಿಯಂ ಸುತ್ತ ಒಂದು ಸುತ್ತಿಗೆ ಮುನ್ನೂರು ಹೆಜ್ಜೆ. ಹತ್ತು ಸಾವಿರ ಹೆಜ್ಜೆ ಎಂದರೆ ಗಾಣದ ಎತ್ತು. ಕಿವಿಯಲ್ಲಿ ಇಯರ್‌ಫೋನ್, ತಲೆಯಲ್ಲಿ ನಾಳೆಯ ಮೀಟಿಂಗ್. ಕಾಲು ನಡೆಯುತ್ತಿತ್ತು, ತಲೆ ಮಾತ್ರ ಕುರ್ಚಿಯಲ್ಲೇ ಕೂತಿತ್ತು.

ಇದಕ್ಕೆ ಕಾರಣವಿದೆ. ಕನ್ನಡದಲ್ಲಿ ನಾವು 'ಮೆಲುಕು ಹಾಕುವುದು' ಎಂಬ ಮಾತನ್ನು ಸಾಮಾನ್ಯವಾಗಿ ಸಿಹಿ ನೆನಪಿಗೇ ಬಳಸುತ್ತೇವೆ. ಮನೋವಿಜ್ಞಾನದಲ್ಲಿ ಮೆಲುಕೆಂದರೆ ಕಹಿಯನ್ನೇ ಮತ್ತೆ ಮತ್ತೆ ಅಗಿಯುವುದು. 'ಅವರು ಹಾಗೇಕೆ ಅಂದರು, ಮುಂದಿನ ಪಟ್ಟಿಯಲ್ಲಿ ನನ್ನ ಹೆಸರಿದ್ದರೆ' ಎಂದು ಸುತ್ತುತ್ತಲೇ ಇರುವುದು. ಸ್ಟ್ಯಾನ್‌ಫರ್ಡ್‌ನ ಗ್ರೆಗರಿ ಬ್ರಾಟ್‌ಮನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 38 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಹುಲ್ಲು-ಮರಗಳ ಬಯಲಿನಲ್ಲಿ, ಇನ್ನೊಂದನ್ನು ವಾಹನ ಗಿಜಿಗುಡುವ ರಸ್ತೆಯ ಬದಿಯಲ್ಲಿ ತೊಂಬತ್ತು ನಿಮಿಷ ನಡೆಸಿದರು. ಬಯಲಿನಲ್ಲಿ ನಡೆದವರಲ್ಲಿ ಈ ಕಹಿ ಮೆಲುಕು ಕಡಿಮೆಯಾಗಿತ್ತು, ಮಿದುಳಿನಲ್ಲಿ ಅದಕ್ಕೆ ಸಂಬಂಧಿಸಿದ ಭಾಗದ ಚಟುವಟಿಕೆಯೂ ತಗ್ಗಿತ್ತು. ರಸ್ತೆ ಬದಿಯಲ್ಲಿ ಅಷ್ಟೇ ಹೊತ್ತು ನಡೆದವರಲ್ಲಿ ಹಾಗಾಗಲಿಲ್ಲ. ಚಿಕ್ಕ ಅಧ್ಯಯನ, ಅದರ ಮೇಲೆ ಬೆಟ್ಟ ಕಟ್ಟಬಾರದು. 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ದೊಡ್ಡ ವಿಶ್ಲೇಷಣೆ 218 ಪ್ರಯೋಗಗಳ 14,170 ಜನರ ಮಾಹಿತಿಯನ್ನು ಒಟ್ಟುಗೂಡಿಸಿ, ನಡಿಗೆ ಅಥವಾ ಓಟ, ಯೋಗ, ತೂಕ ಎತ್ತುವ ವ್ಯಾಯಾಮ ಇವು ಖಿನ್ನತೆಯನ್ನು ಗಣನೀಯವಾಗಿ ತಗ್ಗಿಸುತ್ತವೆ ಎಂದಿತು. ಜಪಾನಿನ ಅರಣ್ಯ ಇಲಾಖೆ 1982ರಲ್ಲೇ 'ಶಿನ್ರಿನ್-ಯೋಕು', ಅಂದರೆ ಅರಣ್ಯ ಸ್ನಾನ, ಎಂಬ ಹೆಸರು ಕೊಟ್ಟು ಜನರನ್ನು ಕಾಡಿಗೆ ಕರೆಯಿತು. ಇಂಗ್ಲೆಂಡಿನಲ್ಲಿ ಈಗ ವೈದ್ಯರು ಮಾರ್ಗದರ್ಶಕರ ಜೊತೆ ಹಳ್ಳಿದಾರಿಯ ನಡಿಗೆಗೆ ಕಳಿಸುವ ವ್ಯವಸ್ಥೆಯೂ ಇದೆ.

ಇದನ್ನೆಲ್ಲ ಓದಿ ಮುಗಿಸಿದಾಗ ನನಗೆ ಅನ್ನಿಸಿದ್ದು, ಇಂಥದ್ದೊಂದು ವ್ಯವಸ್ಥೆ ನಮ್ಮ ಮನೆಯ ಮುಂದೆಯೇ ಪ್ರತಿ ವರ್ಷ ಹಾದುಹೋಗುತ್ತದಲ್ಲ ಎಂದು. ಆ ದಿನ ಟ್ರಾಫಿಕ್ ಎಂದು ನಾವು ವರ್ಕ್ ಫ್ರಮ್ ಹೋಮ್ ಹಾಕುತ್ತೇವೆ.

ಸಂತ ಜ್ಞಾನೇಶ್ವರರ ಪಾಲಖಿ ಪ್ರತಿ ವರ್ಷ ಆಳಂದಿಯಿಂದ ಹೊರಟು, ಪುಣೆಯಲ್ಲಿ ಎರಡು ರಾತ್ರಿ ತಂಗಿ, ದಿವೇಘಾಟ್ ಹತ್ತಿ ಸಾಸ್ವಡದಲ್ಲಿ ಎರಡು ರಾತ್ರಿ ಉಳಿದು, ನಂತರ ಜೇಜುರಿ, ವಾಲ್ಹೆ, ಲೋಣಂದ, ಫಲ್ಟಣ ಎನ್ನುತ್ತ ಆಷಾಢ ಏಕಾದಶಿಗೆ ಪಂಢರಪುರ ಮುಟ್ಟುತ್ತದೆ. ಸುಮಾರು ಇನ್ನೂರೈವತ್ತು ಕಿಲೋಮೀಟರ್. ಈಗಿನ ಶಿಸ್ತುಬದ್ಧ ರೂಪವನ್ನು ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಹೈಬತಬಾಬಾ ಆರಫಳಕರ್ ಕೊಟ್ಟರು. ಲಕ್ಷಾಂತರ ಜನ ನಡೆಯುತ್ತಾರೆ, ಆದರೆ ಗುಂಪಾಗಿ ಅಲ್ಲ, ದಿಂಡಿಯಾಗಿ. ಪ್ರತಿ ದಿಂಡಿಗೂ ರಥದ ಮುಂದೆ ಇಂತಿಷ್ಟನೇದು, ಹಿಂದೆ ಇಂತಿಷ್ಟನೇದು ಎಂದು ನಂಬರ್ ಇದೆ. ದಿಂಡಿಯ ಮುಂದೆ ಪತಾಕೆ, ಆಮೇಲೆ ತಾಳದವರು, ಮೃದಂಗದವನು, ವೀಣೆ ಹೊತ್ತವರು, ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಹೆಂಗಸರು. ಎಲ್ಲಿ ನಡೆಯಬೇಕು, ಎಲ್ಲಿ ಕೂರಬೇಕು, ಎಷ್ಟು ಹೊತ್ತಿಗೆ ಏಳಬೇಕು ಎಲ್ಲ ನಿಗದಿ. ನಿರ್ಧಾರ ಮಾಡಿ ಮಾಡಿ ಸುಸ್ತಾದ ತಲೆಗೆ ಇದರ ಬೆಲೆ ಗೊತ್ತಾಗುತ್ತದೆ. ಇಡೀ ದಿನ ನಾನು ಒಂದೇ ಒಂದು ನಿರ್ಧಾರ ಮಾಡಬೇಕಾಗಿ ಬರಲಿಲ್ಲ.

ಪುಣೆಯ ಸಾಫ್ಟ್‌ವೇರ್ ಜನರೇ ಸೇರಿ ನಡೆಯುವ 'ಐಟಿ ದಿಂಡಿ'ಯ ಹೆಸರನ್ನು ನೀವು ಕೇಳಿರಬಹುದು. ನಾನು ಹೋದದ್ದು ಅದರಲ್ಲಲ್ಲ. ಮರಾಠಿ ಸಹೋದ್ಯೋಗಿಯೊಬ್ಬಳ ತವರೂರಿನ ದಿಂಡಿಯ ಜೊತೆ 2024ರ ಜುಲೈ ಮೊದಲ ವಾರ ಸಾಸ್ವಡದಿಂದ ಜೇಜುರಿಯವರೆಗೆ ಒಂದು ದಿನ ನಡೆದೆ. ಸುಮಾರು ಹದಿನೇಳು ಕಿಲೋಮೀಟರ್. ಬೋರಾವಕೆ ಮಳಾದಲ್ಲಿ ಬೆಳಗಿನ ವಿಶ್ರಾಂತಿ, ಯಮಾಯಿ ಶಿವರಿಯಲ್ಲಿ ಮಧ್ಯಾಹ್ನದ ಊಟ, ಸಾಕುರ್ಡೆಯಲ್ಲಿ ಇನ್ನೊಂದು ನಿಲುಗಡೆ, ಸಂಜೆಗೆ ಜೇಜುರಿ. ಈ ವೇಗಕ್ಕೆ ಫಿಟ್‌ನೆಸ್ ವಾಚ್ ಒಲ್ಲದ ಮನಸ್ಸಿನಿಂದ 'ನಡಿಗೆ' ಎಂದು ಗುರುತು ಹಾಕಿತು.

ಪುರಂದರ ತಾಲ್ಲೂಕಿನ ಈ ನೆಲ ಹಸಿರು ಸಹ್ಯಾದ್ರಿಯಲ್ಲ, ಮಳೆ ಕಡಿಮೆ. ಅಂಜೂರ, ಸೀತಾಫಲದ ತೋಟಗಳು, ನಡುವೆ ಬೋಳು ಗುಡ್ಡ. ಜುಲೈ ಮೊದಲಲ್ಲಿ ಅವುಗಳ ಮೇಲೆ ತೆಳ್ಳಗೆ ಹಸಿರು ಹತ್ತಿರುತ್ತದೆ. ನನಗೆ ಹಾವೇರಿ ಕಡೆಯ ಗುಡ್ಡಗಳೇ ಕಂಡವು. ಪುರಂದರಗಡ ದೂರದಲ್ಲಿ ಮೋಡದೊಳಗಿತ್ತು. ನಮ್ಮ ಪುರಂದರದಾಸರು ಈ ಕಡೆಯವರೆಂದು ಒಂದು ಪರಂಪರೆ ಹೇಳುತ್ತದೆ, ತೀರ್ಥಹಳ್ಳಿ ಕಡೆಯವರೆಂಬ ವಾದವೂ ಬಲವಾಗಿದೆ. ಇದನ್ನು ಮರಾಠಿ ಗೆಳತಿಗೆ ವಿವರಿಸುತ್ತ ಒಂದು ಕಿಲೋಮೀಟರ್ ಹೋಯಿತು.

ಪಾಲಖಿಯ ಮುಂದೆ ಎರಡು ಕುದುರೆ ನಡೆಯುತ್ತವೆ. ಒಂದರ ಮೇಲೆ ಸವಾರನಿರುತ್ತಾನೆ, ಇನ್ನೊಂದು ಖಾಲಿ. ಅದರ ಮೇಲೆ ಜ್ಞಾನೇಶ್ವರರೇ ಕೂತಿದ್ದಾರೆಂದು ನಂಬಿಕೆ. ಆ ಕುದುರೆಗಳು ಎಲ್ಲಿಯವು ಗೊತ್ತೇ? ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಕಡೆಯ ಅಂಕಲಿಯವು. ಅಲ್ಲಿನ ಶಿತೋಳೆ ಸರದಾರ ಮನೆತನದ ಸೇವೆ ಇದು. ಪ್ರತಿ ವರ್ಷ ಅವು ಅಂಕಲಿಯಿಂದ ಆಳಂದಿಯವರೆಗೆ ನಡೆದೇ ಬರುತ್ತವೆ. ಇರಾವತಿ ಕರ್ವೆಯವರು ಈ ದಾರಿಯಲ್ಲಿ ನಡೆದು ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಯಾವ ನಾಡಿನ ಜನ ಪಂಢರಪುರಕ್ಕೆ ಹೋಗುತ್ತಾರೋ ಅದೇ ಮಹಾರಾಷ್ಟ್ರ ಎಂಬರ್ಥದ ಮಾತು ಹೇಳಿದ್ದಾರೆ. ಹಾಗಾದರೆ ಬೆಳಗಾವಿ, ವಿಜಯಪುರ, ಬೀದರಿನ ಅರ್ಧ ಜನ ಏನು ಎಂದು ಕೇಳಬೇಕೆನಿಸುತ್ತದೆ. ಗಡಿ ಸಮಿತಿಗಳ ಕಿವಿಗೆ ಬೀಳದಿರಲಿ. ಅದೇ ಪ್ರಬಂಧದಲ್ಲಿ ಅವರು, ಒಂದೇ ದಿಂಡಿಯಲ್ಲಿ ಒಟ್ಟಿಗೆ ಹಾಡಿಕೊಂಡು ನಡೆದವರು ಊಟಕ್ಕೆ ಮಾತ್ರ ಜಾತಿ ನೋಡಿ ಬೇರೆ ಬೇರೆ ಕೂರುವುದನ್ನು ಕಂಡು ನೊಂದುಕೊಂಡದ್ದನ್ನೂ ಬರೆದಿದ್ದಾರೆ. ಶಿವರಿಯ ಊಟದಲ್ಲಿ ನಾನು ಅದಕ್ಕಾಗಿಯೇ ಕಣ್ಣಿಟ್ಟಿದ್ದೆ. ನಮ್ಮ ದಿಂಡಿಯಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತರು. ಎಲ್ಲ ದಿಂಡಿಗಳಲ್ಲೂ ಹಾಗೇ ಎಂದು ಒಂದು ದಿನ ನಡೆದವಳು ಹೇಳಲು ಬರುವುದಿಲ್ಲ.

ವಾರಿಯಲ್ಲಿ ಎಲ್ಲರೂ ಎಲ್ಲರನ್ನೂ 'ಮಾವುಲಿ' ಎನ್ನುತ್ತಾರೆ. ತಾಯಿ ಎಂದರ್ಥ. ಪೊಲೀಸನೂ ಮಾವುಲಿ, ಟ್ಯಾಂಕರ್ ಡ್ರೈವರೂ ಮಾವುಲಿ. "ಮಾವುಲಿ, ಸರೀರಿ", "ಮಾವುಲಿ, ನೀರು". ಹೆಸರು, ಹುದ್ದೆ, ಕಂಪನಿ ಯಾರಿಗೂ ಬೇಡ. 'ಏನು ಮಾಡ್ತೀರಿ' ಎಂಬ ಪ್ರಶ್ನೆಯೇ ಎದೆಗೆ ಚುಚ್ಚುತ್ತಿದ್ದ ಕಾಲದಲ್ಲಿ ಇಡೀ ಬೆಳಗ್ಗೆ ಯಾರೂ ಅದನ್ನು ಕೇಳಲಿಲ್ಲ.

ಮಧ್ಯಾಹ್ನದ ಮೇಲೆ ನನ್ನ ಪಕ್ಕ ನಡೆದದ್ದು ಪರಭಣಿ ಜಿಲ್ಲೆಯ ಒಬ್ಬ ಮಾವಶಿ, ಅರವತ್ತರ ಹತ್ತಿರದವರು. ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ, ತಲೆಯ ಮೇಲೆ ಬಟ್ಟೆಗಂಟು. ನನ್ನ ಏಳು ಸಾವಿರದ ಶೂ ಗುಳ್ಳೆ ಎಬ್ಬಿಸಿ, ನಾನು ಕುಂಟುತ್ತಿದ್ದೆ. ಸೋಯಾಬೀನ್ ಬಿತ್ತಿ ಬಂದಿದ್ದರಂತೆ. ಇನ್ನೆಂಟು ದಿನದಲ್ಲಿ ಮಳೆ ಬಾರದಿದ್ದರೆ ಮತ್ತೆ ಬಿತ್ತಬೇಕು, ಬೀಜಕ್ಕೆ ಸಾಲ ಮಾಡಬೇಕು. "ಚಿಂತೆಯಾಗಲ್ವಾ?" ಎಂದೆ. "ಆಗುತ್ತೆ. ಊರಲ್ಲಿದ್ದರೂ ಆಗುತ್ತೆ. ಇಲ್ಲಿ ನಡೀತಾ ಆಗುತ್ತೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, ನೀನೇಕೆ ಬಂದೆ ಎಂದು ಕೇಳಿದರು. ನನ್ನ ಮರಾಠಿಯಲ್ಲಿ ಆತಂಕ, ಖಿನ್ನತೆ ಎಂಬುದನ್ನೆಲ್ಲ ಹೇಗೆ ಹೇಳುವುದು? ನಿದ್ದೆ ಬರುವುದಿಲ್ಲ, ಡಾಕ್ಟರ್ ನಡೆ ಅಂದರು ಎಂದೆ. ಅವರು ಜೋರಾಗಿ ನಕ್ಕು ಹಿಂದಿನವರಿಗೆಲ್ಲ ಹೇಳಿದರು: "ಇವಳನ್ನು ಡಾಕ್ಟರ್ ಕಳಿಸಿದ್ದಾನಂತೆ!" ಎಲ್ಲರೂ ನಕ್ಕರು, ನಾನೂ ನಕ್ಕೆ. ಕಾಯಿಲೆ ಬಂದು ಏಳು ತಿಂಗಳಾಗಿತ್ತು. ಅದರ ಬಗ್ಗೆ ನಾನು ನಕ್ಕಿದ್ದು ಆವತ್ತೇ ಮೊದಲು.

ಆದರೆ ಆ ನಗುವಿನೊಳಗೆ ಒಂದು ಪ್ರಶ್ನೆಯೂ ಇತ್ತು. ಅವರಿಗೆ ಇದು ವಿಠ್ಠಲನ ದಾರಿ. ನನಗೆ ಚಿಕಿತ್ಸೆ. ಅವರ ಭಕ್ತಿಯನ್ನು ನಾನು ವೆಲ್‌ನೆಸ್ ಪ್ಯಾಕೇಜ್ ಮಾಡಿಕೊಳ್ಳುತ್ತಿದ್ದೇನೆಯೇ? ಈಗ ಪುಣೆಯಲ್ಲಿ ವಾರಿಯ ಒಂದು ದಿನವನ್ನು 'ಡಿಟಾಕ್ಸ್' ಎಂದು ಕರೆಯುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಸೆಲ್ಫಿಗೆ ಬಂದು, ದಾನದ ಊಟ ಉಂಡು, ತಟ್ಟೆ ಅಲ್ಲೇ ಎಸೆದು ಹೋಗುವುದು ನಡಿಗೆಯಲ್ಲ. ಹೋಗುವುದಾದರೆ ಅವರ ನಿಯಮಕ್ಕೆ ತಲೆಬಾಗಿ, ಕೈಲಾದ ಸೇವೆ ಮಾಡಿ ಹೋಗಬೇಕು. ಹೆಂಗಸರಿಗೆ ಇನ್ನೊಂದು ಮಾತು: 'ನಿರ್ಮಲ ವಾರಿ' ಯೋಜನೆಯ ತಾತ್ಕಾಲಿಕ ಶೌಚಾಲಯಗಳು ಬಂದ ಮೇಲೆ ಸುಧಾರಿಸಿದೆ, ಆದರೆ ಸಾಲು ಉದ್ದ. ಅದಕ್ಕೆ ಹೆದರಿ ನೀರು ಕುಡಿಯದೆ ನಡೆಯುವುದು ಅಪಾಯ.

ಸಂಜೆ ಜೇಜುರಿ ಹತ್ತಿರವಾದಾಗ ಅಭಂಗದ ದನಿ ಬದಲಾಯಿತು. ವೈಷ್ಣವರ ಪಾಲಖಿ ಶೈವ ಖಂಡೋಬನ ಊರಿಗೆ ಬರುತ್ತದೆ, ಊರವರು ಮೇಲಿನಿಂದ ಭಂಡಾರ ಎರಚಿ ಬರಮಾಡಿಕೊಳ್ಳುತ್ತಾರೆ. ಆಕಾಶ, ರಸ್ತೆ, ಎತ್ತಿನ ಕೊಂಬು, ನನ್ನ ಕನ್ನಡಕ ಎಲ್ಲ ಅರಿಶಿನ. ಆಗ ಕೇಳಿತು: "ಯೇಳಕೋಟ ಯೇಳಕೋಟ ಜಯ ಮಲ್ಹಾರ!" ಈ ಕೂಗು ನನಗೆ ಹೊಸದಲ್ಲ. ದೇವರಗುಡ್ಡದ ಜಾತ್ರೆಯಲ್ಲಿ ಅಪ್ಪನ ಹೆಗಲ ಮೇಲೆ ಕೂತು ನಾನೂ "ಏಳುಕೋಟಿ ಏಳುಕೋಟಿ" ಎಂದು ಕೂಗಿದವಳು. ಮೈಲಾರಲಿಂಗ ನಮ್ಮ ಮನೆದೇವರು. ಹೂವಿನಹಡಗಲಿಯ ಮೈಲಾರದಲ್ಲಿ ಗೊರವಪ್ಪ, ಜೇಜುರಿಯಲ್ಲಿ ವಾಘ್ಯಾ-ಮುರಳಿ. ಅಲ್ಲಿ ಕುರುಬರ ಮನೆಯ ಕುರುಬತ್ಯವ್ವ, ಇಲ್ಲಿ ಧನಗರರ ಬಾಣಾಯಿ. ಇಲ್ಲಿಯ ಮಂದಿ ಕೂಗುವ ಆ ಶಬ್ದಕ್ಕೆ ಮರಾಠಿಯಲ್ಲಿ ಅರ್ಥ ಹುಡುಕಿದರೆ ಸಿಗದು, ಕನ್ನಡದ ಏಳು ಕೋಟಿಯೇ ಅದು. ಹನ್ನೊಂದು ವರ್ಷ ಕಾರಿನಲ್ಲಿ ಬಂದು ಹೋದಾಗಲೂ ಈ ವಿಷಯ ನನಗೆ ಗೊತ್ತಿತ್ತು. ಹದಿನೇಳು ಕಿಲೋಮೀಟರ್ ಕುಂಟಿ ಬಂದ ಮೇಲೆ ಕೇಳಿದಾಗ ಮಾತ್ರ ಕಣ್ಣಲ್ಲಿ ನೀರು ಬಂತು. ಅರಿಶಿನ ಬಿತ್ತು ಎಂದು ಗೆಳತಿಗೆ ಹೇಳಿದೆ. ಹೊರಡುವ ಹಿಂದಿನ ರಾತ್ರಿ ಅವ್ವ ಅಂದಿದ್ದಳು: "ಜೇಜೂರ್ಯಾಗ ಇರಾಂವ ನಮ್ಮ ಮೈಲಾರಪ್ಪನ ಅಲ್ಲೇನು. ಹೋಗಿ ಬಾ. ಗುಳಿಗಿ ಮರೀಬ್ಯಾಡ."

ರಾತ್ರಿಯ ಬೀಡಿನಲ್ಲಿ ನಡೆಯುವ ಸಮಾಜ ಆರತಿಯನ್ನು ನೋಡದೆ ಯಾರೂ ವಾಪಸಾಗಬಾರದು. ಎಲ್ಲ ದಿಂಡಿಗಳೂ ಪಾಲಖಿಯ ಸುತ್ತ ಸೇರುತ್ತವೆ, ಸಾವಿರಾರು ತಾಳಗಳ ಸದ್ದು. ಚೋಪದಾರ ತನ್ನ ದಂಡವನ್ನೆತ್ತಿ ಒಮ್ಮೆ ಕೂಗುತ್ತಾನೆ. ಅಷ್ಟೂ ತಾಳ ಒಮ್ಮೆಲೇ ನಿಲ್ಲುತ್ತವೆ. ಕಳೆದುಹೋದ, ಸಿಕ್ಕಿದ ವಸ್ತುಗಳ ಪಟ್ಟಿ ಓದುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಪದ್ಧತಿ. ಯಾವುದಾದರೂ ದಿಂಡಿಗೆ ಅನ್ಯಾಯವಾಗಿದ್ದರೆ, ದೂರು ಇದ್ದರೆ, ಅವರು ದಂಡ ಎತ್ತಿದ ಮೇಲೂ ತಾಳ ನಿಲ್ಲಿಸುವುದಿಲ್ಲ. ಬಾರಿಸುತ್ತಲೇ ಇರುತ್ತಾರೆ. ಚೋಪದಾರ ಅವರ ಬಳಿಗೇ ಹೋಗಿ ಏನಾಯಿತೆಂದು ಕೇಳಬೇಕು. ಆಮೇಲೆಯೇ ಆರತಿ. ಬಯಲ ತುಂಬ ಮೌನ, ಒಂದು ಮೂಲೆಯಲ್ಲಿ ಮಾತ್ರ ತಾಳ ಎಂದು ಊಹಿಸಿಕೊಳ್ಳಿ. ನಮ್ಮ ಆಫೀಸಿನಲ್ಲಿ ನಾಲ್ವರು ಹೋದ ದಿನ ಎಲ್ಲರೂ ಒಟ್ಟಿಗೆ ತಾಳ ನಿಲ್ಲಿಸಿದ್ದೆವು. ಕಾಲ್‌ನಲ್ಲಿ ಎಲ್ಲರ ಮೈಕ್ ಮ್ಯೂಟ್. ಮನಸ್ಸು ಕೆಡುವುದಕ್ಕೆ ಮರಗಿಡ ಇಲ್ಲದಿರುವುದೊಂದೇ ಕಾರಣವಲ್ಲ, ಹೇಳಲು ಜಾಗವಿಲ್ಲದಿರುವುದೂ ಕಾರಣ ಎಂದು ನನಗನ್ನಿಸಿದ್ದು ಅಲ್ಲಿ. ಕಂಪನಿಗಳು ನೌಕರರಿಗೆ ಧ್ಯಾನದ ಆ್ಯಪ್ ಕೊಡುವ ಬದಲು ಈ ಪದ್ಧತಿಯನ್ನು ಕಲಿತರೆ ಒಳ್ಳೆಯದು.

2020 ಮತ್ತು 2021ರಲ್ಲಿ ಕೊರೊನಾ ಕಾರಣ ಪಾಲಖಿ ನಡೆದು ಹೋಗಲಿಲ್ಲ, ಪಾದುಕೆಗಳು ಎಸ್‌ಟಿ ಬಸ್ಸಿನಲ್ಲಿ ಪಂಢರಪುರಕ್ಕೆ ಹೋದವು. ಆ ಎರಡು ವರ್ಷ ಹೇಗಿತ್ತು ಎಂದು ಮಾವಶಿಯನ್ನು ಕೇಳಿದ್ದೆ. "ದೇವರು ಮುಟ್ಟಿದ, ನಾವು ಮುಟ್ಟಲಿಲ್ಲ" ಎಂದರು.

ಆ ದಿನದಿಂದ ನಾನು ಗುಣವಾದೆ ಎಂದು ಬರೆದರೆ ಸುಳ್ಳಾಗುತ್ತದೆ. ಅಂದು ರಾತ್ರಿ ಒಳ್ಳೆಯ ನಿದ್ದೆ ಬಂತು, ಮೂರನೇ ದಿನ ಮತ್ತೆ ಮೂರಕ್ಕೆ ಎಚ್ಚರ. ಮಾತ್ರೆ ಇನ್ನೂ ಹನ್ನೊಂದು ತಿಂಗಳು ನಡೆಯಿತು, ವೈದ್ಯರೇ ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ಬದಲಾದದ್ದು ನಡಿಗೆ. ಪೋಡಿಯಂ ಬಿಟ್ಟೆ. ಪರಿಚಯದ ನಾಲ್ಕೈದು ಕನ್ನಡ ಮನೆಯವರು ಸೇರಿ ತಿಂಗಳಿಗೊಂದು ಭಾನುವಾರ ಜೇಜುರಿಗೆ ಬಂದು, ಕೆಳಗಿನ ಗಡದ ಗದ್ದಲ ಬಿಟ್ಟು, ಹಳೆಯ ದೇವಸ್ಥಾನವಿರುವ ಕಡೇಪಠಾರದ ಗುಡ್ಡ ಹತ್ತುತ್ತೇವೆ. ಕಡೇಪಠಾರಕ್ಕೆ ಜನ ಕಡಿಮೆ, ಗಾಳಿ ಹೆಚ್ಚು. ಮೇಲಿನಿಂದ ಪುಣೆ-ಮೀರಜ್ ರೈಲು ದಾರಿಯ ಬಯಲೆಲ್ಲ ಕಾಣುತ್ತದೆ. ಮೀರಜ್ ಮೇಲೆ ಹುಬ್ಬಳ್ಳಿಗೆ ಹೋಗುವ ರೈಲು ಹಾದಾಗ ಯಾರಾದರೊಬ್ಬರು 'ನಮ್ಮ ಗಾಡಿ' ಎನ್ನದೆ ಇರುವುದಿಲ್ಲ.

ವಾರಿಯಿಂದ ಕದ್ದ ಒಂದೆರಡು ನಿಯಮಗಳಿವೆ. ಎಲ್ಲಕ್ಕಿಂತ ನಿಧಾನವಾಗಿ ನಡೆಯುವವರು ಮುಂದೆ. ಯಾವ ಕಂಪನಿ ಎಂದು ಕೇಳುವಂತಿಲ್ಲ. ಫೋನ್ ಚೀಲದಲ್ಲಿ. ಮಾತಾಡಬೇಕೆಂದರೆ ಮಾತಾಡಬಹುದು, ಸುಮ್ಮನೆ ನಡೆಯುವವರನ್ನು ಮಾತಿಗೆಳೆಯಬಾರದು. ಮೇಲೆ ಮುಟ್ಟಿದ ಮೇಲೆ ಯಾರಿಗಾದರೂ ಹೇಳುವುದಿದ್ದರೆ ಹೇಳುತ್ತಾರೆ, ಉಳಿದವರು ಸಲಹೆ ಕೊಡದೆ ಕೇಳಬೇಕು. ಈ ಕೊನೆಯದು ನಮ್ಮ ಗಂಡಸರಿಗೆ ತುಂಬ ಕಷ್ಟವಾಯಿತು.

ಇನ್ನೊಂದು ನಿಯಮ ಆಮೇಲೆ ಬಂತು. ಗದಗ ಕಡೆಯ ಹುಡುಗನೊಬ್ಬ, ಇಪ್ಪತ್ತೇಳು ವರ್ಷ, ಎರಡು ಸಲ ನಮ್ಮ ಜೊತೆ ಬಂದಿದ್ದ. ಎರಡನೆಯ ಸಲ ಗುಡ್ಡದ ಮೇಲೆ, ತನಗೆ ಈಗ ಆರಾಮ ಇದೆ ಎಂದು ಎಲ್ಲರಿಗೂ ಪೇಢೆ ಹಂಚಿದ. ಅದೇ ವಾರ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದ್ದ. ಮೂರನೆಯ ವಾರಕ್ಕೆ ಫೋನ್ ಎತ್ತುವುದು ಬಿಟ್ಟ. ಅವನ ರೂಮ್‌ಮೇಟ್ ಜಾಣ, ಒಂದು ರಾತ್ರಿ ಅವನ ಮಾತಿನ ಧಾಟಿ ಕೇಳಿ ಗಾಬರಿಯಾಗಿ ಕೂಡಲೇ ಆಸ್ಪತ್ರೆಗೆ ಕರೆದೊಯ್ದ, ಬೆಳಗಾಗುವುದರೊಳಗೆ ಊರಿಂದ ಅವನ ಅಣ್ಣ ಹೊರಟಿದ್ದರು. ಹುಡುಗ ಈಗ ಚೆನ್ನಾಗಿದ್ದಾನೆ, ಚಿಕಿತ್ಸೆಯಲ್ಲಿದ್ದಾನೆ, ಇದನ್ನು ಬರೆಯಿರಿ ಅಕ್ಕಾ ಎಂದು ಅವನೇ ಹೇಳಿದ. ಈಗ ನಮ್ಮಲ್ಲಿ ಹೊಸಬರು ಬಂದಾಗ ಗುಡ್ಡದ ಬುಡದಲ್ಲೇ ಹೇಳುತ್ತೇವೆ: ಈ ನಡಿಗೆ ಔಷಧದ ಜೊತೆಗೆ, ಔಷಧದ ಬದಲಿಗಲ್ಲ. ಆರಾಮ ಅನ್ನಿಸಿದ ದಿನ ಮೊದಲು ಡಾಕ್ಟರಿಗೆ ಹೇಳಿ, ಪೇಢೆ ಆಮೇಲೆ.

ನೀವು ಪುಣೆಯಲ್ಲಿದ್ದು ಹೋಗಬೇಕೆನಿಸಿದರೆ ಕೆಲವು ಮಾತು. ಪಾಲಖಿಯ ದಿನಾಂಕ ಪಂಚಾಂಗದ ಪ್ರಕಾರ ಪ್ರತಿ ವರ್ಷ ಬದಲಾಗುತ್ತದೆ, ಜ್ಯೇಷ್ಠ ಬಹುಳದಲ್ಲಿ ವೇಳಾಪಟ್ಟಿ ನೋಡಿಕೊಳ್ಳಿ. ಮೊದಲ ಸಲಕ್ಕೆ ದಿವೇಘಾಟಿನ ದಿನ ಬೇಡ, ಅದು ಮೂವತ್ತು ಕಿಲೋಮೀಟರಿನ ಹತ್ತಿರ, ಏಕಾದಶಿಯ ಉಪವಾಸ ಬೇರೆ. ಸಾಸ್ವಡ-ಜೇಜುರಿಯೇ ಸರಿ. ಹೊಸ ಶೂ ಹಾಕಬೇಡಿ. ವಾಪಸಿಗೆ ಆ ದಿನ ಕಾರು ನಂಬಬೇಡಿ, ರಸ್ತೆ ಮುಚ್ಚಿರುತ್ತದೆ. ಗಡದ ಮೆಟ್ಟಿಲು ನಾನೂರರ ಹತ್ತಿರ, ಮಂಡಿ ನೋವಿದ್ದವರು ಅದನ್ನು ಬೇರೆ ದಿನಕ್ಕಿಟ್ಟುಕೊಳ್ಳಿ. ಕಡೇಪಠಾರಕ್ಕೆ ಬೆಳಗ್ಗೆ ಏಳರೊಳಗೆ ಹತ್ತಲು ಶುರು ಮಾಡಿ, ಮೇಲೆ ನೆರಳಿಲ್ಲ. ಸಾಕ್ಸ್ ಎರಡು ಜೊತೆ, ನೀರು, ಬೆಲ್ಲ-ಶೇಂಗಾ.

ಮತ್ತೆ, ರಾತ್ರಿ ಮೂರಕ್ಕೆ ಎಚ್ಚರವಾಗಿ ಎದೆ ಬಿಗಿಯುತ್ತಿದ್ದರೆ ಮುಂದಿನ ಆಷಾಢದವರೆಗೆ ಕಾಯಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ-ಮಾನಸ್ ಸಹಾಯವಾಣಿಯ ನಂಬರ್ 14416. ಹಗಲು-ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.